ಕಾಕನ ಲಾರಿಯ ಮಂಕು ಲೈಟು

ಮೊದಲೇ ಹೇಳಿಬಿಡುತ್ತೇನೆ, ನನ್ನದು ಮುಂಗೋಪ. "ನಿಮ್ಮ ನಾಲಿಗೆಗೆ ಫ್ಯೂಸ್ ಹಾಕ್ಲಿಕ್ಕೆ ದೇವರಿಗೆ ಮರೆತುಹೋಗಿದೆ" ಎಂದು ಹೆಂಡತಿ ಊರಿನಿಂದ ಫೋನಿನಲ್ಲೇ ಬೈಯುತ್ತಾಳೆ. ಇರಬಹುದು. ವಯರು ಸುಟ್ಟದ್ದನ್ನು ಮುಚ್ಚಿಟ್ಟು "ನಾನು ಏನೂ ಮಾಡಿಲ್ಲ, ಅದೇ ನಿಂತುಹೋಯಿತು" ಎನ್ನುವ ಡ್ರೈವರುಗಳ ಜೊತೆ ಇಪ್ಪತ್ತೇಳು ವರ್ಷ ಏಗಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಮಾನಿನ ರುಸ್ತಾಕ್ ಎಂಬ ಊರಿನ ಸನಾಯಿಯಾದಲ್ಲಿ, ಎಂದರೆ ಸಾಲಾಗಿ ಗ್ಯಾರೇಜುಗಳೇ ಇರುವ ಬೀದಿಯಲ್ಲಿ, ನನ್ನದು ಗಾಡಿಗಳ ಇಲೆಕ್ಟ್ರಿಕ್ ಕೆಲಸ. ಲೈಟು, ಡೈನಮೋ, ಸೆಲ್ಫು, ಬ್ಯಾಟರಿ. ಎಂಜಿನ್ನಿನ ಎಣ್ಣೆ ಮುಟ್ಟುವುದಿಲ್ಲ, ಅದಕ್ಕೆ ಪಕ್ಕದಲ್ಲಿ ಬೇರೆ ಜನ ಇದ್ದಾರೆ.

ಈಗಿನ ಗಾಡಿಗಳಿಗೆ ಕಾಯಿಲೆ ಬಂದರೆ ಲ್ಯಾಪ್‌ಟಾಪ್ ಹೇಳುತ್ತದೆ. ವಯರು ಚುಚ್ಚಿದರೆ ಸಾಕು, ಪರದೆಯ ಮೇಲೆ ನಂಬರು ಬರುತ್ತದೆ, ಆ ನಂಬರಿನ ಸಾಮಾನು ತಂದು ಹಾಕಿದರೆ ಮುಗಿಯಿತು. ನಾನೂ ಅದನ್ನು ಕಲಿತಿದ್ದೇನೆ, ಕಲಿಯದೆ ಹೊಟ್ಟೆ ತುಂಬುವುದಿಲ್ಲ. ಆದರೆ ಮಧ್ಯಾಹ್ನದ ಊಟ ಮುಗಿಸಿ ಟಯರಿನ ಮೇಲೆ ಕೂತು ಚಾ ಕುಡಿಯುವಾಗ ಮನಸ್ಸು ಹೋಗುವುದು ಕಾಕನ ಲಾರಿಯ ಕಡೆಗೇ. ಹಳೆಯ ಕಾಲದ ಆರು ಚಕ್ರದ ಡೀಸೆಲ್ ಲಾರಿ. ಒಮ್ಮೆ ಸ್ಟಾರ್ಟ್ ಆದರೆ ಅದರ ಎಂಜಿನ್ನಿಗೆ ಕರೆಂಟಿನ ಹಂಗೇ ಇರಲಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇದ್ದದ್ದು ಬರೀ ವಯರು. ಕೆಂಪು ಯಾವುದು, ಕಪ್ಪು ಯಾವುದು ಎಂದು ಗೊತ್ತಿದ್ದರೆ ಸಾಕು, ಅದು ನಮ್ಮ ಮಾತು ಕೇಳುತ್ತಿತ್ತು.

ಕಾಕ ಉಳ್ಳಾಲ ಕಡೆಯ ಬ್ಯಾರಿ, ಕರಾವಳಿಯ ಮುಸಲ್ಮಾನರು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಹಿರಿಯ ಬ್ಯಾರಿಗಳನ್ನು ನಮ್ಮ ಕರಾವಳಿಯಲ್ಲಿ ಕಾಕ ಎಂದೇ ಕರೆಯುವುದು, ಹಾಗಾಗಿ ಅವರ ಹೆಸರು ನನಗೆ ಬೇಕಾಗಲೇ ಇಲ್ಲ. ನಾನು ಉಡುಪಿ ಕಡೆಯವನು. ನಮ್ಮಿಬ್ಬರ ಮಾತು ಅರ್ಧ ತುಳು, ಅರ್ಧ ಕನ್ನಡ, ಸಿಟ್ಟು ಬಂದಾಗ ಹಿಂದಿ. ನಾನು ಒಮಾನಿಗೆ ಬಂದ ಮೊದಲ ವಾರ ಹಮ್ರಿಯಾ ಎಂಬ ಜಾಗದ ಒಂದು ರೂಮಿನಲ್ಲಿ ಏಳು ಜನರ ನಡುವೆ ಮಲಗಿ, ಎಲ್ಲಿ ಬಂದು ಸಿಕ್ಕಿಹಾಕಿಕೊಂಡೆನಪ್ಪಾ ಎಂದು ಸೂರು ನೋಡುತ್ತಿದ್ದಾಗ, ನನ್ನನ್ನು ರುಸ್ತಾಕಿಗೆ ಕರೆದುಕೊಂಡು ಹೋಗಲು ಬಂದವರು ಇವರೇ. ಇದೇ ಲಾರಿಯಲ್ಲಿ. ದಾರಿಯುದ್ದಕ್ಕೂ ಬೋಳು ಗುಡ್ಡಗಳನ್ನು ನೋಡಿ ನನ್ನ ಮುಖ ಸಪ್ಪೆಯಾದಾಗ ಕ್ಯಾಸೆಟ್ಟು ಹಾಕಿದರು. ಯಕ್ಷಗಾನದ ಚೆಂಡೆ! ಬ್ಯಾರಿ ಕಾಕನ ಲಾರಿಯಲ್ಲಿ, ಒಮಾನಿನ ಗುಡ್ಡದ ನಡುವೆ ಚೆಂಡೆ ಕೇಳಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಅವರು ನಗಲಿಲ್ಲ. ಸೌಂಡು ಸ್ವಲ್ಪ ಹೆಚ್ಚು ಮಾಡಿದರು, ಅಷ್ಟೇ.

ಆ ಲಾರಿ ಕಾಕನ ಅರ್ಬಾಬನದ್ದು. ಅರ್ಬಾಬ್ ಎಂದರೆ ಧಣಿ, ವೀಸಾ ಕೊಟ್ಟವನು. ರುಸ್ತಾಕಿನ ಹೊರಗೆ ಖರ್ಜೂರದ, ಲಿಂಬೆಯ ತೋಟ ಇರುವ ಮುದುಕ. ಬೆಳಗಿನ ಬಾಂಗಿಗೆ ಮೊದಲೇ ಕಾಕ ಲಾರಿ ಹೊರಡಿಸಿ, ಲಿಂಬೆಯ ಪೆಟ್ಟಿಗೆ, ಹಸಿಹುಲ್ಲಿನ ಕಟ್ಟುಗಳನ್ನು ಸಮುದ್ರದ ಕಡೆಯ ಬರ್ಕಾ ಪೇಟೆಯ ಮಾರ್ಕೆಟ್ಟಿಗೆ ಇಳಿಸಿ, ಬಿಸಿಲೇರುವ ಮುಂಚೆ ವಾಪಸು ಬರುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ, ಇದೇ ದಾರಿ.

ಇದು ಕೆಲವು ವರ್ಷದ ಹಿಂದಿನ ಮಾತು. ನಾನು ಒಂದು ಹೊಸ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ಬೆವರು ಸುರಿಸುತ್ತಿದ್ದಾಗ ಹಿಂದಿನಿಂದ ಕಾಕನ ದನಿ ಕೇಳಿತು.

"ಲೈಟು ಮಂಕು ಉಂಟು ಮಾರಾಯ. ಎದುರು ಎಂತದೂ ಕಾಣುದಿಲ್ಲ. ಬೆಳಿಗ್ಗೆ ಸೆಲ್ಫೂ ಎಳೆಯುದಿಲ್ಲ."

"ಇಡೀ ಲಾರಿಯೇ ಮಂಕು ಕಾಕ. ಗುಜರಿಗೆ ಹಾಕಿ ಇನ್ನು" ಎಂದೆ ತಲೆ ಎತ್ತದೆ.

ಎಂದಿನಂತೆ ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಅವರ ಮುಖ ಬಾಡಿಹೋಗಿತ್ತು. ಆಮೇಲೆ ವಿಷಯ ಹೊರಗೆ ಬಂತು. ಹತ್ತು ದಿನದಲ್ಲಿ ಲಾರಿಯ ಪಾಸಿಂಗ್, ವರ್ಷಕ್ಕೊಮ್ಮೆ ಆಗುವ ತಪಾಸಣೆ. ಅರ್ಬಾಬನ ಮಕ್ಕಳು ಹೊಸ ಪಿಕಪ್ ತರುವ ಹಟದಲ್ಲಿದ್ದಾರೆ. ಅರ್ಬಾಬ್ ಹೇಳಿಬಿಟ್ಟಿದ್ದಾನೆ: ಈ ಸಲ ಲಾರಿ ಪಾಸಾದರೆ ಲಾರಿಯೂ ಇರಲಿ, ನೀನೂ ಇರು. ಫೇಲಾದರೆ ಖಲಾಸ್, ಲಾರಿ ಗುಜರಿಗೆ, ನೀನು ಊರಿಗೆ.

"ಊರಿಗೆ ಹೋದ್ರೆ ಎಂತ ತೊಂದ್ರೆ ಕಾಕ? ಒಳ್ಳೆ ಮನೆ ಕಟ್ಟಿದ್ದೀರಿ. ಮೊಮ್ಮಕ್ಕಳು ಉಂಟು."

"ಮನೆ ಕಟ್ಟಿದ್ದು ಹೌದು. ಅದ್ರಲ್ಲಿ ಎಷ್ಟು ದಿನ ಮಲಗಿದ್ದೇನೆ, ಲೆಕ್ಕ ಹಾಕು. ಎರಡು ವರ್ಷಕ್ಕೆ ಒಂದು ತಿಂಗಳು. ನಾನು ಹೋದ ಕೂಡ್ಲೆ ಹೆಂಡತಿ ಹೊಸ ಬೆಡ್‌ಶೀಟ್ ಹಾಸ್ತಾಳೆ, ಒಳ್ಳೆ ಪ್ಲೇಟು ತೆಗೀತಾಳೆ. ಅಲ್ಲಿ ನಾನು ನೆಂಟ ಮಾರಾಯ. ಒಂದು ತಿಂಗಳಿಗೆ ಸರಿ. ಸಾಯುವವರೆಗೆ ನೆಂಟನಾಗಿ ಕೂತ್ಕೊಳ್ಳಿಕ್ಕೆ ಆಗ್ತದಾ?"

ನಾನು ಕೈ ಒರೆಸಿಕೊಂಡು, "ಲಾರಿ ಒಳಗೆ ತನ್ನಿ. ಪಾಸ್ ಮಾಡಿಸ್ದಿದ್ರೆ ನಾನು ಈ ಕೆಲಸ ಬಿಟ್ಟು ಕರಕ್ ಚಾ ಮಾರ್ತೇನೆ" ಎಂದು ಸವಾಲು ಹಾಕಿದೆ. ನನ್ನ ಬಾಯಿಯೇ ಹಾಗೆ.

ಮೊದಲು ಬ್ಯಾಟರಿ. ದೊಡ್ಡ ಲಾರಿಗಳಿಗೆ ಇಪ್ಪತ್ತನಾಲ್ಕು ವೋಲ್ಟ್ ಬೇಕು, ಹಾಗಾಗಿ ಹನ್ನೆರಡರ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎರಡೂ ಜೋಡೆತ್ತಿನ ಹಾಗೆ ಸಮಸಮ ಎಳೆಯಬೇಕು. ಮೀಟರ್ ಇಟ್ಟು ನೋಡಿದರೆ ಒಂದು ಬ್ಯಾಟರಿ ಬತ್ತಿ ಹೋಗಿದೆ, ಇನ್ನೊಂದು ಹೆಚ್ಚು ಚಾರ್ಜಾಗಿ ಕುದಿದು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ವಯರು ಹುಡುಕುತ್ತಾ ಹೋದೆ. ಒಂದೇ ಬ್ಯಾಟರಿಯಿಂದ ಯಾರೋ ಕಳ್ಳದಾರಿಯಲ್ಲಿ ಹನ್ನೆರಡು ವೋಲ್ಟ್ ಎಳೆದು ಡ್ಯಾಶ್‌ಬೋರ್ಡಿನೊಳಗೆ ಕೊಂಡುಹೋಗಿದ್ದಾರೆ. ಅದರ ತುದಿಯಲ್ಲಿ ಈಗ ಕಾಕನ ಮೊಬೈಲು ಚಾರ್ಜರ್, ಒಂದು ಪುಟ್ಟ ಫ್ಯಾನು.

ನನ್ನ ಪಿತ್ತ ನೆತ್ತಿಗೇರಿತು. "ಯಾವ ಕತ್ತೆ ಮಾಡಿದ್ದು ಇದನ್ನು? ಒಂದು ಎತ್ತಿಗೆ ಮಾತ್ರ ಹೇರು ಹಾಕಿದ್ರೆ ಗಾಡಿ ಹೋಗ್ತದಾ? ಇಂಥವರನ್ನು ಬ್ಯಾಟರಿ ಆ್ಯಸಿಡ್‌ನಲ್ಲಿ ಅದ್ದಬೇಕು! ತಲೆಯಲ್ಲಿ ಎಂತ ಉಂಟು, ಸೆಗಣಿಯಾ?"

ಕಾಕ ಬೀಡಿ ಹಚ್ಚಿಕೊಂಡು ನಿಧಾನಕ್ಕೆ ಹೇಳಿದರು. "ನೀನೇ ಮಾರಾಯ."

"ನಾನಾ?"

"ನೀನು ಬಂದ ವರ್ಷ. ಟೇಪ್‌ರೆಕಾರ್ಡರಿಗೆ ಸೆಲ್ಲು ಹಾಕಿ ಪೂರೈಸುದಿಲ್ಲ ಅಂತ ನೀನೇ ಎಳೆದದ್ದು. ಚೆಂಡೆ ಕೇಳ್ಬೇಕು ಅಂತ ನಿನಗೇ ಆಸೆ ಇದ್ದದ್ದು. ಟೇಪು ಸತ್ತು ಎಷ್ಟೋ ವರ್ಷ ಆಯ್ತು. ವಯರು ಅಲ್ಲೇ ಉಂಟು."

ವಯರಿಗೆ ಸುತ್ತಿದ್ದ ಇನ್ಸುಲೇಶನ್ ಟೇಪ್ ಬಿಚ್ಚಿ ನೋಡಿದೆ. ಹೌದು, ನನ್ನದೇ ಜೋಡಣೆ. ಹೊಸತರಲ್ಲಿ ನಾನು ವಯರು ತಿರುಪಿ ಅದರ ಮೇಲೆ ದಾರ ಸುತ್ತುತ್ತಿದ್ದೆ. ಇಪ್ಪತ್ತೆರಡು ವರ್ಷದ ಧೂಳಿನೊಳಗೆ ಆ ದಾರ ಹಾಗೆಯೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ಕಾಕನಿಗೂ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಪಕ್ಕದ ಗ್ಯಾರೇಜಿನವರು ಇಣುಕಿ ನೋಡುವಷ್ಟು. ಆ ವಯರನ್ನು ಕಿತ್ತು, ಇಪ್ಪತ್ತನಾಲ್ಕನ್ನು ಹನ್ನೆರಡು ಮಾಡುವ ಒಂದು ಡಬ್ಬಿ ಕೂರಿಸಿ, ಎರಡೂ ಬ್ಯಾಟರಿ ಹೊಸತು ಹಾಕಿದೆ. ಮರುದಿನ ಬೆಳಿಗ್ಗೆ ಸೆಲ್ಫು ಮೊದಲ ಎಳೆತಕ್ಕೇ ಗರ್ ಎಂದಿತು.

"ಸೆಲ್ಫು ಸರಿಯಾಯ್ತು. ಲೈಟು ಮಾತ್ರ ಮಂಕೇ" ಎಂದರು ಕಾಕ.

ಇಲ್ಲಿ ನನ್ನ ಕೆಲಸದ ಒಂದು ನೇಮ ಹೇಳಬೇಕು. ನನಗೆ ಕೆಲಸ ಕಲಿಸಿದ ಉಸ್ತಾದ್ ಹೇಳುತ್ತಿದ್ದ, ಮೀಟರಿಗಿಂತ ಮೊದಲು ಡ್ರೈವರಿನ ಮಾತು ಕೇಳು ಎಂದು. ದಿನಾ ಆ ಸೀಟಿನಲ್ಲಿ ಕೂರುವವನಿಗೆ ಗೊತ್ತಾಗುವುದು ಮೀಟರಿಗೆ ಗೊತ್ತಾಗುವುದಿಲ್ಲ. ಸುಳ್ಳು ಹೇಳುವ ಡ್ರೈವರುಗಳು ಬೇಕಾದಷ್ಟು ಇದ್ದಾರೆ, ಆದರೆ ಕಾಕ ಲಾರಿಯ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ. ಅವರು ಮಂಕು ಎಂದರೆ ಮಂಕೇ. ಹುಡುಕಬೇಕಾದವನು ನಾನು.

ಹುಡುಕಿದೆ. ಸಿಕ್ಕಿತು ಕೂಡ. ಬ್ಯಾಟರಿಯಲ್ಲಿ ಇಪ್ಪತ್ತೈದು ವೋಲ್ಟ್ ಇದ್ದರೆ ಹೆಡ್‌ಲೈಟಿನ ಬಲ್ಬಿನಲ್ಲಿ ಬರೀ ಇಪ್ಪತ್ತು. ಉಳಿದ ಐದು ದಾರಿಯಲ್ಲೇ ಸೋರಿಹೋಗುತ್ತಿತ್ತು. ಅರ್ತ್ ವಯರು, ಎಂದರೆ ಕರೆಂಟು ವಾಪಸು ಬರುವ ದಾರಿ, ಕ್ಯಾಬಿನ್ನಿನ ಕೆಳಗೆ ತುಕ್ಕು ಹಿಡಿದು ಉಪ್ಪಿನಕಾಯಿ ಆಗಿತ್ತು. ಅದನ್ನು ಬಿಚ್ಚಿ, ಚಾಸಿಸ್ಸನ್ನು ಹೊಳೆಯುವವರೆಗೆ ಉಜ್ಜಿ, ಬೆರಳು ದಪ್ಪದ ಹೊಸ ವಯರು ಬಿಗಿದೆ. ಇಡೀ ಹೆಡ್‌ಲೈಟಿನ ಕರೆಂಟು ಸ್ಟೇರಿಂಗಿನ ಪಕ್ಕದ ಆ ಬಡಪಾಯಿ ಹಳೆಯ ಸ್ವಿಚ್ಚಿನ ಮೂಲಕವೇ ಹೋಗುತ್ತಿತ್ತು. ಅದರ ಭಾರ ಇಳಿಸಲು ಎರಡು ರಿಲೇ ಕೊಟ್ಟು, ಬ್ಯಾಟರಿಯಿಂದ ನೇರವಾಗಿ ಲೈಟಿಗೆ ದಪ್ಪ ವಯರು ಎಳೆದೆ. ಹಳದಿಗಟ್ಟಿದ ಗಾಜುಗಳನ್ನು ತೆಗೆದು ಹೊಸ ಹೆಡ್‌ಲೈಟ್ ಸೆಟ್ಟೇ ಹಾಕಿದೆ. ಡೈನಮೋ ಕೂಡ ದೊಡ್ಡದು ಕೂರಿಸಿದೆ. ಅಂತಹ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತು! ಕ್ಯಾಬಿನ್ನಿನಡಿ ಅಂಗಾತ ಮಲಗಿ ವಯರುಗಳನ್ನು ಒಂದೊಂದಾಗಿ ಬಿಡಿಸುವಾಗ ನನಗೆ ಇಪ್ಪತ್ತೈದರ ಹುಮ್ಮಸ್ಸು ಬಂದಿತ್ತು. ನಿಜ ಹೇಳುತ್ತೇನೆ, ನಾನು ಹಾಡುತ್ತಿದ್ದೆ.

ಐದನೆಯ ದಿನ ಮುಸ್ಸಂಜೆ, ಮಗ್ರಿಬ್ ನಮಾಜು ಮುಗಿಸಿ ಕಾಕ ಬಂದರು. ಲಾರಿಯನ್ನು ಎದುರಿನ ಗೋಡೆಯ ಕಡೆ ತಿರುಗಿಸಿ ಲೈಟು ಹಾಕಿದೆ. ಗೋಡೆ ಹಗಲಾಯಿತು. ಅಲ್ಲಿ ಹರಿದಾಡುತ್ತಿದ್ದ ಹಲ್ಲಿಯ ಬೆರಳುಗಳನ್ನೂ ಎಣಿಸಬಹುದಿತ್ತು.

"ಹೇಗೆ ಕಾಕ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಅವರು ಸೀಟಿನಲ್ಲಿ ಕೂತು ಬಹಳ ಹೊತ್ತು ನೋಡಿದರು. "ಪರವಾಗಿಲ್ಲ. ಆದ್ರೂ... ಹೊಗೆ ಹೊಗೆ ಉಂಟು ಮಾರಾಯ. ಲೈಟಿನ ಸುತ್ತ ಬಳೆಯ ಹಾಗೆ ಕಾಣ್ತದೆ. ವಯರಿಂಗಿನಲ್ಲಿ ಎಲ್ಲಿಯೋ ಮಿಸ್ಟೇಕ್ ಉಂಟು."

ವಯರಿಂಗಿನಲ್ಲಿ ಮಿಸ್ಟೇಕ್! ನನ್ನ ವಯರಿಂಗಿನಲ್ಲಿ! ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿಸಾಡಿದೆ. "ಸೂರ್ಯನನ್ನೇ ತಂದು ಬಾನೆಟ್ಟಿಗೆ ಕಟ್ಟಬೇಕಾ ನಿಮಗೆ?" ಎಂದು ಕೂಗಾಡಿದೆ. ಅವರು ತಲೆ ತಗ್ಗಿಸಿ ಕೂತರು. ಮರುದಿನ ಅದೇ ಮುಖ ನೆನಪಾಗಿ ಮನಸ್ಸು ತಡೆಯದೆ ಎಲ್ಇಡಿ ಬಲ್ಬು ತರಿಸಿ ಹಾಕಿದೆ. ಬೆಳಕು ಕಣ್ಣಿಗೆ ಚುಚ್ಚುವಷ್ಟಾಯಿತು. ಅದಕ್ಕೆ ಕಾಕ, "ಈಗ ಇನ್ನೂ ಕಷ್ಟ, ಎಲ್ಲ ಚೆದುರಿ ಹೋಗ್ತದೆ" ಎಂದರು. ಹೇಗೂ ಪಾಸಿಂಗಿನವರು ಹಳೆಯ ಲೈಟಿನೊಳಗೆ ಎಲ್ಇಡಿ ಕಂಡರೆ ಒಪ್ಪುವುದಿಲ್ಲ, ಅದನ್ನು ಕಿತ್ತು ಮೊದಲಿನ ಬಲ್ಬನ್ನೇ ಹಾಕಿದೆ. ಮೂರು ಸಲ ಮೀಟರ್ ಹಿಡಿದು ತುದಿಯಿಂದ ತುದಿಗೆ ನೋಡಿದೆ. ಒಂದು ಪಾಯಿಂಟು ಸೋರಿಕೆ ಇಲ್ಲ. ಆದರೂ ಡ್ರೈವರ್ ಮಂಕು ಎನ್ನುತ್ತಿದ್ದಾನೆ. ಊಟ ಸೇರಲಿಲ್ಲ ನನಗೆ.

ಆ ನಡುವೆ ಒಂದು ದಿನ ಅರ್ಬಾಬ್ ಬಂದಿದ್ದ. ಬಿಳಿ ಗಡ್ಡ, ಬಿಳಿ ದಿಶ್ದಾಶಾ ನಿಲುವಂಗಿ, ಕೈಯಲ್ಲಿ ಬೆತ್ತ. ನನ್ನನ್ನು ತಮಾಷೆಗೆ "ಮುಹಂದಿಸ್" ಎನ್ನುತ್ತಿದ್ದ, ಇಂಜಿನಿಯರ್ ಎಂದು. ಲಾರಿಯ ಸುತ್ತ ಒಂದು ಸುತ್ತು ಬಂದು, "ಏನು ಮುಹಂದಿಸ್, ಪಾಸಾಗುತ್ತದಾ?" ಎಂದು ಅರಬಿಯಲ್ಲಿ ಕೇಳಿದ.

"ನೂರಕ್ಕೆ ನೂರು!" ಎಂದು ಎದೆ ತಟ್ಟಿಕೊಂಡೆ.

ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ. "ಪೂರ್ತಿ ನೂರಾ?" ಎಂದು ಇನ್ನೊಮ್ಮೆ ಕೇಳಿ, ಹೊಸ ಹೆಡ್‌ಲೈಟಿನ ಮೇಲೆ ಬೆತ್ತದಿಂದ ಮೆಲ್ಲಗೆ ತಟ್ಟಿ, ಸುಮ್ಮನೆ ಹೋದ. ಮುದುಕನಿಗೂ ಮಕ್ಕಳ ಹಾಗೆ ಹೊಸ ಪಿಕಪ್ಪಿನ ಆಸೆ ಹುಟ್ಟಿದೆ, ಮೂವತ್ತು ವರ್ಷ ದುಡಿದವನ ಮೇಲೆ ಇಷ್ಟೇನಾ ಪ್ರೀತಿ ಎಂದು ಅವನ ಬೆನ್ನಿಗೆ ತುಳುವಿನಲ್ಲಿ ಬೈದೆ.

ಪಾಸಿಂಗಿನ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ನಾನೂ ಕಾಕನ ಜೊತೆ ಹೊರಟೆ. ಸೆಂಟರು ಕೆಳಗೆ ಕರಾವಳಿಯ ಕಡೆ. ಬ್ರೇಕು, ಟಯರು, ಸ್ಟೇರಿಂಗು ಎಲ್ಲವನ್ನೂ ಪಕ್ಕದ ಗ್ಯಾರೇಜಿನವರು ಸರಿಮಾಡಿದ್ದರು. ಲೈಟಿನ ತಪಾಸಣೆಗೆ ಬಂದಾಗ ನಾನು ಹತ್ತಿರ ಹೋಗಿ ನಿಂತೆ. ತಪಾಸಣೆ ಮಾಡುವ ಹುಡುಗ ಮಿಷನ್ನು ಹಿಡಿದು ನೋಡಿ, ಇನ್ನೊಮ್ಮೆ ನೋಡಿ, ಹಣೆಯ ಬೆವರು ಒರೆಸಿಕೊಂಡು, "ಇದು ಹಳೆಯ ಗಾಡಿಯ ಲೈಟಾ?" ಎಂದು ಕೇಳಿದ. ಕಾಗದದ ಮೇಲೆ ಸೀಲು ಬಿತ್ತು. ಪಾಸ್!

ಕಾಕ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಲಾರಿಯ ಬಾಗಿಲಿಗೆ ಹಣೆಯಿಟ್ಟು ನಿಂತುಬಿಟ್ಟರು. ಭುಜ ಅಲುಗುತ್ತಿತ್ತು. ನಾನು ಆಚೆ ತಿರುಗಿ ಟಯರು ಒದ್ದು ನೋಡುವ ನಾಟಕ ಮಾಡಿದೆ.

ವಾಪಸು ಹೊರಟಾಗ ಸಂಜೆಯ ಅಸರ್ ನಮಾಜಿನ ಹೊತ್ತು ಕಳೆದಿತ್ತು. ಬಿಸಿಲು ಎದುರಿನಿಂದ, ಗಾಜಿನ ಮೇಲೆ. ಎಷ್ಟೋ ವರ್ಷದ ಮೇಲೆ ಆ ಸೀಟಿನಲ್ಲಿ ಕೂತಿದ್ದೆ. ಲಿಂಬೆ, ಒಣಹುಲ್ಲು, ಡೀಸೆಲ್, ಬೀಡಿ, ಎಲ್ಲ ಸೇರಿದ ಅದೇ ವಾಸನೆ. ಕಾಕ ಖುಷಿಯಲ್ಲಿ ಮಾತಾಡುತ್ತಲೇ ಇದ್ದರು. ಹಂಪ್ ಬರುವ ಮೊದಲೇ ಗೇರ್ ಇಳಿಸುತ್ತಿದ್ದರು, ತಿರುವಿಗೆ ಮೊದಲೇ ಕೈ ತಾನಾಗಿ ತಿರುಗುತ್ತಿತ್ತು. ಆ ವಯಸ್ಸಿನಲ್ಲಿ ಎಂಥ ಡ್ರೈವಿಂಗ್ ಎಂದು ನಾನು ಮನಸ್ಸಿನಲ್ಲೇ ಹೊಗಳಿದೆ.

ರುಸ್ತಾಕಿಗೆ ಸ್ವಲ್ಪ ಮೊದಲು ರಸ್ತೆ ಒಂದು ವಾದಿಯನ್ನು ದಾಟುತ್ತದೆ, ಒಣಗಿದ ಹಳ್ಳ. ಹಿಂದಿನ ವಾರದ ಮಳೆಗೆ ಅಲ್ಲಿ ಡಾಂಬರು ಕೊಚ್ಚಿಹೋಗಿ ಆ ಬೆಳಿಗ್ಗೆಯಷ್ಟೇ ರಸ್ತೆ ಅಗೆಯಲು ಶುರು ಮಾಡಿದ್ದರು. ನಾವು ಹೋಗುವಾಗ ಆಚೆ ಬದಿಯಲ್ಲಿ ಹೋಗಿದ್ದೆವು. ಈಗ ನಮ್ಮ ಬದಿಯಲ್ಲಿ ಕಿತ್ತಳೆ ಬಣ್ಣದ ಎದೆಯೆತ್ತರದ ಡ್ರಮ್ಮುಗಳು ಅಡ್ಡ ನಿಂತಿದ್ದವು, ಅದರಾಚೆ ಹೊಂಡ, ಹೊಂಡದಲ್ಲಿ ಬಗ್ಗಿ ಕೆಲಸ ಮಾಡುತ್ತಿರುವ ಇಬ್ಬರು. ಕಾಕ ಮಾತಾಡುತ್ತಲೇ ನೇರ ಹೋಗುತ್ತಿದ್ದರು. ಈಗ ನಿಧಾನ ಮಾಡುತ್ತಾರೆ, ಈಗ ತಿರುಗಿಸುತ್ತಾರೆ ಎಂದು ನಾನು ಕಾದೆ. ಮಾಡಲಿಲ್ಲ.

"ಕಾಕಾ! ಬ್ರೇಕ್! ಬ್ರೇಕ್!"

ಲಾರಿ ಕಿರುಚಿಕೊಂಡು ನಿಂತಿತು. ಒಂದು ಡ್ರಮ್ಮು ಉರುಳಿ ಹೊಂಡಕ್ಕೆ ಬಿತ್ತು. ಆ ಇಬ್ಬರು ಪಕ್ಕಕ್ಕೆ ಹಾರಿ ಕೈ ಬೀಸಿ ಬೈಯುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಕಾಕ ಮೆಲ್ಲಗೆ ಲಾರಿಯನ್ನು ಹಿಂದೆ ತಂದು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು.

"ಬಿಸಿಲು ಕಣ್ಣಿಗೆ ಹೊಡೀತು" ಎಂದರು.

ಕಾಲಿನ ಹತ್ತಿರ ಇದ್ದ ಚೀಲದಿಂದ ಮೀಟರ್ ತೆಗೆದು ಅವರ ಮುಖದ ಎದುರು, ಒಂದು ಮೊಳ ದೂರದಲ್ಲಿ ಹಿಡಿದೆ.

"ಕಾಕ, ಎಷ್ಟು ತೋರಿಸ್ತಾ ಉಂಟು?"

ಅವರು ಕಣ್ಣು ಕಿರಿದು ಮಾಡಿದರು. ತಲೆಯನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ಮಾಡಿದರು.

"ಇಪ್ಪತ್ತೇಳು" ಎಂದರು. "ಚಾರ್ಜಿಂಗ್ ಒಳ್ಳೆದುಂಟು."

ಮೀಟರ್ ಆಫ್ ಆಗಿತ್ತು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ.

ನಾನು ಮೀಟರನ್ನು ಅವರ ಕೈಗೆ ಕೊಟ್ಟೆ. ಅವರು ಗುಂಡಿಯನ್ನು ಬೆರಳಿನಿಂದ ತಡವಿ ನೋಡಿದರು, ಅದು ಆಫ್‌ನಲ್ಲಿರುವುದು ಬೆರಳಿಗೆ ಗೊತ್ತಾಯಿತು. ಮೀಟರನ್ನು ಮಡಿಲಲ್ಲಿಟ್ಟುಕೊಂಡರು.

"ಎಷ್ಟು ಸಮಯ ಆಯ್ತು?" ಎಂದೆ.

"ಎರಡು ವರ್ಷ ಇರಬಹುದು. ಬಲಗಣ್ಣು ಪೂರಾ ಮೋಡ. ಎಡದ್ದು ಈಗ ಈಗ."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ? ಹತ್ತು ದಿನ ನಾನು ಲಾರಿಯ ಕೆಳಗೆ ಬಿದ್ದು ಒದ್ದಾಡಿದೆನಲ್ಲ!"

"ಹೇಳಿದೆನಲ್ಲ ಮಾರಾಯ. ಮಂಕು ಉಂಟು ಅಂತ ದಿನಾ ಹೇಳಿದೆ."

ಇಲ್ಲಿ ನಮ್ಮ ಗಲ್ಫಿನ ಜನರ ಒಂದು ರೋಗ ಉಂಟು, ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮಗೆ ಹುಷಾರಿಲ್ಲ ಎಂದು ನಾವು ಹೇಳುವುದಿಲ್ಲ. ಹೇಳಿದರೆ ಮೆಡಿಕಲ್, ಮೆಡಿಕಲ್ ಆದರೆ ಅನ್‌ಫಿಟ್, ಅನ್‌ಫಿಟ್ ಆದರೆ ಟಿಕೆಟ್. ಸೊಂಟ ಹಿಡಿದರೆ ಕುರ್ಚಿ ಸರಿ ಇಲ್ಲ ಎನ್ನುತ್ತೇವೆ. ಕೈ ನಡುಗಿದರೆ ಸ್ಪ್ಯಾನರ್ ಸವೆದಿದೆ ಎನ್ನುತ್ತೇವೆ. ಕಾಕ ಬೇಕೆಂದು ನನಗೆ ಮೋಸ ಮಾಡಲಿಲ್ಲ. ಒಳ್ಳೆಯ ಬೆಳಕು ಮಾಡಿಕೊಟ್ಟರೆ ಕಂಡೀತು ಎಂದು ಅವರೂ ನಂಬಿದ್ದರು. ಡ್ರೈವರಿನ ಮಾತು ಕೇಳು ಎಂದು ಕಲಿತ ನಾನು ಮಾತು ಕೇಳಿ ಲಾರಿಯನ್ನು ನೋಡಿದೆ, ಡ್ರೈವರನ್ನು ನೋಡಲಿಲ್ಲ. ಕಣ್ಣು ಕಾಣದವರನ್ನು ಒಳ್ಳೆಯ ಬ್ಯಾಟರಿ, ಒಳ್ಳೆಯ ಡೈನಮೋ ಕೊಟ್ಟು ರಸ್ತೆಗೆ ಕಳಿಸಿದವನು ನಾನು.

"ಅರ್ಬಾಬಿಗೆ ಹೇಳ್ಬೇಡ" ಎಂದರು ಕಾಕ. "ಇನ್ನು ಎರಡೇ ವರ್ಷ. ನನಗೆ ದಾರಿ ಬಾಯಿಪಾಠ ಉಂಟು. ನೀನು ನೋಡಿದೆಯಲ್ಲ, ಬರುವಾಗ ಒಂದು ಹಂಪೂ ತಪ್ಪಿಲ್ಲ."

"ಆ ಇಬ್ಬರು ನಿಮ್ಮ ಬಾಯಿಪಾಠದಲ್ಲಿ ಇದ್ರಾ ಕಾಕ?"

ಕೇಳಬಾರದಿತ್ತೋ ಏನೋ. ಕೇಳಿಬಿಟ್ಟೆ. ಕಾಕ ಗಾಜಿನಾಚೆ ಹೊಂಡದ ಕಡೆ ಮುಖ ಮಾಡಿ ಕೂತರು. ಆ ಇಬ್ಬರು ಡ್ರಮ್ಮನ್ನು ಮೇಲಕ್ಕೆಳೆಯುತ್ತಾ ಒಬ್ಬರಿಗೊಬ್ಬರು ಕೂಗುವುದು ಕೇಳುತ್ತಿತ್ತು. ನನಗಿದ್ದದ್ದು ಸಣ್ಣ ಗಾಡಿಯ ಲೈಸೆನ್ಸು ಮಾತ್ರ, ಲಾರಿ ನಾನು ಓಡಿಸುವಂತಿಲ್ಲ. ಅವರು ಓಡಿಸುವುದಕ್ಕೆ ನಾನು ಬಿಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಡ್ಯಾಶ್‌ಬೋರ್ಡಿನ ಮೇಲಿದ್ದ ಕಾಕನ ಫೋನು ತೆಗೆದೆ. ಅವರು ಅದರ ಕಡೆ ಕೈ ಚಾಚಿ, "ಅರ್ಬಾಬನ ನಂಬರು ಒತ್ತಿ ಕೊಡು. ನಾನೇ ಹೇಳ್ತೇನೆ" ಎಂದರು.

ಆ ಕಡೆ ಅರ್ಬಾಬ್ ಎತ್ತಿದ. ಸ್ಪೀಕರ್ ಆನ್ ಇತ್ತು. ಕಾಕ ತಮ್ಮ ಹರಕು ಅರಬಿಯಲ್ಲಿ ಹೇಳಿದರು. "ಅರ್ಬಾಬ್, ಲಾರಿ ಪಾಸ್. ಡ್ರೈವರ್ ಫೇಲ್. ನನ್ನ ಕಣ್ಣು ಹೋಯಿತು."

ಆಮೇಲೆ ಮುದುಕನ ದನಿ, ಬಹಳ ಮೆಲ್ಲಗೆ.

"ನನಗೆ ಗೊತ್ತು. ಒಂದು ವರ್ಷದಿಂದ ನೀನು ಕಾವಾ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತೀ. ನನ್ನ ಬಾಯಿಯಿಂದ ನಿನಗೆ ಹೋಗು ಎಂದು ಹೇಗೆ ಹೇಳಲಿ? ಲಾರಿಯೇ ಫೇಲಾಗಲಿ, ಆ ನೆಪ ಸಾಕು ಎಂದು ದೇವರಲ್ಲಿ ಬೇಡಿಕೊಂಡೆ. ನಿನ್ನ ಆ ಮುಹಂದಿಸ್ ಎಲ್ಲವನ್ನೂ ಹಾಳು ಮಾಡಿದ."

ನಾನು ಅಲ್ಲಿಯೇ ಇದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಕ ನನ್ನ ಕಡೆ ಮುಖ ತಿರುಗಿಸಿದರು. ನಾನು ಎಷ್ಟು ಕಂಡೆನೋ ಅವರಿಗೆ, ನನಗಂತೂ ತಲೆ ಎತ್ತಲಾಗಲಿಲ್ಲ.

ಅರ್ಬಾಬ್ ತಾನೇ ಮಗನ ಕಾರಿನಲ್ಲಿ ಬಂದ, ಇನ್ನೊಬ್ಬ ಡ್ರೈವರನ್ನು ಕರೆದುಕೊಂಡು. ಕಾಕನ ತೋಳು ಹಿಡಿದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ತಾನು ಹಿಂದೆ ಕೂತ. ಮೂರು ವಾರದಲ್ಲಿ ಕಾಕ ಊರಿಗೆ ಹೋದರು. ಲಾರಿ ಈಗಲೂ ಓಡುತ್ತಿದೆ, ಪ್ರತಿ ವರ್ಷ ಪಾಸಾಗುತ್ತದೆ. ಅರ್ಬಾಬನ ಮಕ್ಕಳು ಪಿಕಪ್ಪನ್ನು ಬೇರೆಯೇ ತಂದರು. ಹೊಸ ಡ್ರೈವರ್ ಒಳ್ಳೆಯವನೇ. ಲೈಟಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಅವನು ಸುಮ್ಮನೆ ಪಕ್ಕದ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿಕೊಂಡು ಹೋದಾಗ ನನಗೆ ಯಾಕೋ ಸಿಟ್ಟು ಬರುತ್ತದೆ.

ಕಾಕ ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಮೇಲೆ ಒಂದು ಶುಕ್ರವಾರ ಸಂಜೆ ವಿಡಿಯೋ ಕಾಲ್ ಮಾಡಿದರು. ಊರಿನಲ್ಲಿ ಆಗಲೇ ಕತ್ತಲಾಗುತ್ತಿತ್ತು. ಕನ್ನಡಕ ಹಾಕಿಕೊಂಡು ಬೇರೆ ಯಾರೋ ಆಗಿದ್ದರು.

"ಈಗ ಕಾಣ್ತದಾ ಕಾಕ?"

"ಎಲ್ಲ ಕಾಣ್ತದೆ. ನಿನ್ನ ತಲೆಯಲ್ಲಿ ಕೂದಲಿಲ್ಲದ್ದೂ ಕಾಣ್ತದೆ." ನಕ್ಕರು. ಆಮೇಲೆ ದನಿ ತಗ್ಗಿಸಿದರು, ಮನೆಯವರಿಗೆ ಕೇಳಬಾರದು ಎನ್ನುವ ಹಾಗೆ. "ಒಂದು ವಿಷಯ ಮಾರಾಯ. ಈ ಮನೆಯಲ್ಲಿ ಯಾವ ಸ್ವಿಚ್ಚಿಗೆ ಯಾವ ಲೈಟು ಅಂತ ನನಗೆ ಗೊತ್ತಾಗುದಿಲ್ಲ. ಲೈಟು ಹಾಕ್ಲಿಕ್ಕೆ ಹೋದ್ರೆ ಫ್ಯಾನು ತಿರುಗ್ತದೆ. ಮೊಮ್ಮಕ್ಕಳು ನಗ್ತಾರೆ. ದಿನಾ ಅವರ ಹತ್ರ ಕೇಳ್ಲಿಕ್ಕೆ ನಾಚಿಕೆ ಆಗ್ತದೆ. ಅಲ್ಲಿ ಕಣ್ಣಿಲ್ಲದೆ ಬರ್ಕಾಕ್ಕೆ ಹೋಗಿ ಬರ್ತಿದ್ದೆ, ಇಲ್ಲಿ ಎರಡು ಕಣ್ಣು ಇಟ್ಕೊಂಡು ನನ್ನದೇ ಗೋಡೆ ತಡಕ್ತೇನೆ."

ಏನಾದರೂ ಒರಟಾಗಿ ಹೇಳಿ ನಗಿಸೋಣ ಎಂದುಕೊಂಡೆ, ಬರಲಿಲ್ಲ. ಅವರು ಫೋನನ್ನು ಗೋಡೆಯ ಕಡೆ ತಿರುಗಿಸಿದರು. ಒಂದೇ ಬೋರ್ಡಿನಲ್ಲಿ ಎಂಟು ಸ್ವಿಚ್ಚು, ಎಲ್ಲ ಒಂದೇ ತರಹ, ಎಲ್ಲ ಬಿಳಿ.

"ನೋಡು, ಇದ್ರಲ್ಲಿ ಜಗಲಿಯದ್ದು ಯಾವುದು?"

"ಒಂದೊಂದೇ ಒತ್ತಿ ಕಾಕ" ಎಂದೆ. "ಎಲ್ಲಿ ಹತ್ತುತ್ತದೆ, ನಾನೂ ನೋಡ್ತೇನೆ."